ಅರಸನ ಮೈ ಒಂದೂರಲ್ಲಿ, ಹೃದಯ ಇನ್ನೊಂದೂರಲ್ಲಿ

ಮೂರನೆಯ ತರಗತಿಯಲ್ಲಿ ನಮ್ಮ ಮೇಷ್ಟ್ರು ಜೇಡದ ಕಥೆ ಹೇಳಿದ್ದರು. ಯುದ್ಧದಲ್ಲಿ ಸೋತು ಸುಣ್ಣವಾದ ರಾಜನೊಬ್ಬ ಗುಹೆಯಲ್ಲಿ ಅಡಗಿ ಕೂತಿದ್ದಾನೆ. ಅವನ ಕಣ್ಣೆದುರೇ ಒಂದು ಜೇಡ ನೂಲು ಹಿಡಿದು ಹತ್ತುತ್ತದೆ, ಬೀಳುತ್ತದೆ, ಮತ್ತೆ ಹತ್ತುತ್ತದೆ, ಕೊನೆಗೆ ಬಲೆ ಕಟ್ಟಿಯೇ ಬಿಡುತ್ತದೆ. ರಾಜ ಎದ್ದು ಹೋಗಿ ಗೆಲ್ಲುತ್ತಾನೆ. ಅವನ ಹೆಸರು ರಾಬರ್ಟ್ ಬ್ರೂಸ್. ಎಲ್ಲಿಯ ರಾಜ, ಯಾರ ಮೇಲೆ ಯುದ್ಧ ಎಂಬುದೊಂದೂ ನನ್ನ ತಲೆಗೆ ಇಳಿದಿರಲಿಲ್ಲ. ಆ ಗುಹೆ ನಮ್ಮೂರ ಗುಡ್ಡದ ಹಿಂದೆಯೇ ಇದೆ ಎಂದುಕೊಂಡಿದ್ದೆ.

ಮುಂದೆ ನಾನೇ ಇತಿಹಾಸದ ಮೇಷ್ಟ್ರಾದೆ. ಅಕ್ಕ ಮದುವೆಯಾಗಿ ಆ ಬ್ರೂಸನ ನಾಡಾದ ಸ್ಕಾಟ್ಲೆಂಡಿನ ಎಡಿನ್‌ಬರಾ ಸೇರಿದಳು. ಈ ಬೇಸಿಗೆ ರಜೆಗೆ ಟಿಕೆಟ್ ಕಳಿಸಿ, "ಏನೇನು ನೋಡಬೇಕು ಹೇಳು" ಎಂದಳು. "ಬ್ರೂಸನ ಮೈ ಇರುವಲ್ಲಿಗೆ, ಹೃದಯ ಇರುವಲ್ಲಿಗೆ" ಎಂದೆ. ಫೋನಿನ ಆ ತುದಿಯಲ್ಲಿ ಒಂದು ಕ್ಷಣ ಮೌನ. "ಎರಡೂ ಒಂದೇ ಕಡೆ ಇಲ್ಲವೇನೋ?"

ಇಲ್ಲ. ಹೃದಯ ಮೆಲ್ರೋಸ್ ಎಂಬ ಪಾಳುಮಠದಲ್ಲಿ, ಮೈ ಡನ್‌ಫರ್ಮ್ಲಿನ್ ಎಂಬ ಇನ್ನೊಂದು ಮಠದಲ್ಲಿ. ನಡುವೆ 80 ಕಿಲೋಮೀಟರಿಗೂ ಮೀರಿದ ದಾರಿ, ಕಡಲಿನ ಒಂದು ತೋಳು. ಆ ದಾರಿಯಲ್ಲಿ ನಾಲ್ಕು ದಿನ ತಿರುಗಿದ ಕಥೆ ಇದು.

ಹೊರಡುವ ಮುನ್ನ ಒಂದು ಮಾತು. ಇಲ್ಲಿನವರು ಇಂಥ ದೊಡ್ಡ ಮಠವನ್ನು ಅಬ್ಬೆ ಎನ್ನುತ್ತಾರೆ. ಅತ್ತಿಮಬ್ಬೆಯ ಹೆಸರು ಕೇಳಿ ಬೆಳೆದ ನಮಗೆ ಅಬ್ಬೆ ಎಂದರೆ ತಾಯಿ. ಅವರ ಅಬ್ಬೆಯ ಬೇರು ಮಾತ್ರ ತಂದೆ ಎಂಬ ಅರ್ಥದ ಅರಮಾಯಿಕ್ ಪದ. ಮಠದ ಹಿರಿಯ ಸನ್ಯಾಸಿಯನ್ನು ತಂದೆಯೆಂದು ಕರೆದು, ಅವನ ಮನೆಗೆ ಆ ಹೆಸರಾಯಿತು. ಓದುವಾಗೆಲ್ಲ ನನ್ನ ಕಿವಿಗೆ ಮಾತ್ರ ತಾಯಿಯ ದನಿಯೇ ಕೇಳಿಸುತ್ತಿತ್ತು.

ಮೊದಲ ದಿನ: ಹೋಲಿರೂಡ್

ಎಡಿನ್‌ಬರಾ ಕೋಟೆಯಿಂದ ಇಳಿಜಾರಿನ ಹಳೆಯ ಬೀದಿ ಹಿಡಿದು ಕೆಳಗೆ ನಡೆದರೆ, ಬೀದಿ ಮುಗಿಯುವುದು ಹೋಲಿರೂಡ್ ಅರಮನೆಯ ಬಾಗಿಲಿನಲ್ಲಿ. ಬ್ರಿಟನ್ನಿನ ದೊರೆ ಸ್ಕಾಟ್ಲೆಂಡಿಗೆ ಬಂದರೆ ಇಳಿದುಕೊಳ್ಳುವುದು ಇಲ್ಲಿ. ಜನ ಅರಮನೆಗೆಂದೇ ಬರುತ್ತಾರೆ. ಕೋಣೆಗಳನ್ನೆಲ್ಲ ನೋಡಿ ಹೊರಬಿದ್ದಾಗ ಪಕ್ಕದಲ್ಲಿ ಸೂರಿಲ್ಲದ ಕಲ್ಲಿನ ಚರ್ಚೊಂದು ಕಾಣುತ್ತದೆ. ಹೆಚ್ಚಿನವರು ಒಂದು ಫೋಟೋ ತೆಗೆದು ಮುಂದೆ ಹೋಗುತ್ತಾರೆ. ಆದರೆ ಮೊದಲು ಬಂದದ್ದು ಮಠ, 1128ರಲ್ಲಿ. ಮಠದ ಅತಿಥಿಗೃಹದಲ್ಲಿ ತಂಗುತ್ತಿದ್ದ ರಾಜರು ಅಲ್ಲೇ ಬೇರುಬಿಟ್ಟು, ಮುನ್ನೂರೆಪ್ಪತ್ತು ಚಿಲ್ಲರೆ ವರ್ಷಗಳ ಮೇಲೆ ಪಕ್ಕದಲ್ಲೇ ಅರಮನೆ ಕಟ್ಟಿಕೊಂಡರು.

ಮಠ ಕಟ್ಟಿಸಿದವನು ಒಂದನೆಯ ಡೇವಿಡ್, 1124ರಿಂದ 1153ರವರೆಗೆ ಆಳಿದವನು. ಹಬ್ಬದ ದಿನ ಬೇಟೆಗೆ ಹೋದ ಅವನನ್ನು ಒಂದು ಸಾರಂಗ ಕೆಡವಿತಂತೆ, ಅದರ ಕೊಂಬುಗಳ ನಡುವೆ ಶಿಲುಬೆ ಹೊಳೆಯಿತಂತೆ, ಉಳಿದ ಜೀವಕ್ಕೆ ಕೃತಜ್ಞತೆಯಾಗಿ ಮಠ ಎದ್ದಿತಂತೆ. ಕಥೆ ಹೇಗೇ ಇರಲಿ, ಈ ಡೇವಿಡ್ಡನ ಹೆಸರನ್ನು ಓದುಗರು ನೆನಪಿನಲ್ಲಿಡಬೇಕು. ನಾಲ್ಕು ದಿನ ನಾವು ಮೆಟ್ಟಿದ ನೆಲದಲ್ಲೆಲ್ಲ ಅವನ ಹೆಜ್ಜೆ ಇತ್ತು. ಅವನ ಅಕ್ಕ ಇಂಗ್ಲೆಂಡಿನ ಒಂದನೆಯ ಹೆನ್ರಿಯ ರಾಣಿ. ಅವನು ಬೆಳೆದದ್ದು ಅಕ್ಕನ ಆಸ್ಥಾನದ ನೆರಳಿನಲ್ಲಿ. ಅಲ್ಲಿ ಕಂಡ ಹೊಸ ಬಗೆಯ ಮಠಗಳನ್ನು ತನ್ನ ನಾಡಿಗೆ ಕರೆತಂದ. ಸನ್ಯಾಸಿಗಳು ರಾಜನ ಆತ್ಮಕ್ಕಾಗಿ ಹಗಲಿರುಳು ಪ್ರಾರ್ಥಿಸಬೇಕು; ಅದಕ್ಕೆ ಪ್ರತಿಯಾಗಿ ರಾಜ ಭೂಮಿ, ಕಾಡು, ಮೀನಿನ ಹಕ್ಕು ಕೊಡಬೇಕು. ಓದುಬರಹ ಬಲ್ಲವರು, ಕುರಿ ಸಾಕಿ ಉಣ್ಣೆ ಮಾರಬಲ್ಲವರು ರಾಜ್ಯಕ್ಕೆ ಸಿಕ್ಕಿದ್ದು ಅದರ ಜೊತೆಗಿನ ಲಾಭ. ಕೊಟ್ಟದ್ದು ಎಷ್ಟೆಂದರೆ, ಮುಂದೆ ಬಂದ ಒಂದನೆಯ ಜೇಮ್ಸ್ ಇವನ ಗೋರಿಯ ಬಳಿ ನಿಂತು, "ಕಿರೀಟಕ್ಕೆ ಬಲು ದುಬಾರಿಯಾದ ಸಂತ" ಎಂದನೆಂದು ಹೇಳಿಕೆಯಿದೆ.

ಎರಡನೆಯ ಜೇಮ್ಸ್ ಎಂಬ ರಾಜ ಇದೇ ಹೋಲಿರೂಡಿನಲ್ಲಿ 1430ರಲ್ಲಿ ಹುಟ್ಟಿದ, 1437ರಲ್ಲಿ ಕಿರೀಟ ತೊಟ್ಟ, 1449ರಲ್ಲಿ ಮದುವೆಯಾದ, 1460ರಲ್ಲಿ ಇಲ್ಲೇ ಮಣ್ಣಾದ. ತೊಟ್ಟಿಲು, ಪಟ್ಟ, ತಾಳಿ, ಗೋರಿ ಎಲ್ಲವೂ ಒಂದೇ ಅಂಗಳದಲ್ಲಿ. ಅವನ ಸಾವಿನ ಜಾಗ ಮಾತ್ರ ಬೇರೆ. ಮೂರನೆಯ ದಿನ ಅಲ್ಲಿಗೂ ಹೋದೆವು.

ನಾನು ಇಲ್ಲಿಗೆ ಮೊದಲು ಬಂದದ್ದು ಬ್ರೂಸನಿಗಾಗಿ. 1328ರ ಮಾರ್ಚ್ 17ರಂದು, ಅವನು ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದಾಗ, ಈ ಮಠದ ಕೋಣೆಯೊಂದರಲ್ಲಿ ಇಂಗ್ಲೆಂಡಿನ ದೂತರ ಜೊತೆ ಶಾಂತಿ ಒಪ್ಪಂದವಾಯಿತು. ಸ್ಕಾಟ್ಲೆಂಡ್ ಸ್ವತಂತ್ರ ರಾಜ್ಯ, ರಾಬರ್ಟ್ ಅದರ ರಾಜ ಎಂದು ಇಂಗ್ಲೆಂಡ್ ಕೊನೆಗೂ ಒಪ್ಪಿಕೊಂಡಿತು. 32 ವರ್ಷಗಳ ಹಿಂದೆ ಹತ್ತಿದ ಬೆಂಕಿ ಆರಿದ್ದು ಇಲ್ಲಿ. ಆ ಕೋಣೆ ಈಗಿಲ್ಲ. ಚರ್ಚಿನ ಪೂರ್ವಭಾಗವೂ ಇಲ್ಲ. ಹುಲ್ಲಿನಲ್ಲಿ ಅಡಿಪಾಯದ ಗೆರೆಗಳಷ್ಟೇ ಉಳಿದಿವೆ. ನಿಂತಿರುವ ಭಾಗದ ಸೂರು ಬಿದ್ದದ್ದು ಶತ್ರುಗಳಿಂದಲ್ಲ. 1758ರಲ್ಲಿ ದುರಸ್ತಿ ಎಂದು ಮೇಲೆ ಭಾರದ ಕಲ್ಲುಚಪ್ಪಡಿ ಹೊದಿಸಿದರು. ಗೋಡೆಗಳು ಹತ್ತು ವರ್ಷ ಹೊತ್ತು, 1768ರಲ್ಲಿ ಸೋತವು.

ಎರಡನೆಯ ದಿನ: ಮೆಲ್ರೋಸ್

ಭಾವನಿಗೆ ಕೆಲಸವಿತ್ತು. ಅಕ್ಕ ಚಪಾತಿ, ಹುರುಳಿಕಾಯಿ ಪಲ್ಯ, ಫ್ಲಾಸ್ಕಿನಲ್ಲಿ ಚಹಾ ಕಟ್ಟಿಕೊಂಡಳು. ವೇವರ್ಲಿ ನಿಲ್ದಾಣದಿಂದ ಟ್ವೀಡ್‌ಬ್ಯಾಂಕಿಗೆ ರೈಲಿನಲ್ಲಿ ಸುಮಾರು ಒಂದು ಗಂಟೆ. 1969ರಲ್ಲಿ ಮುಚ್ಚಿದ ಈ ದಾರಿಯ ಒಂದು ತುಂಡನ್ನು 2015ರಲ್ಲಿ ಮತ್ತೆ ತೆರೆದಿದ್ದಾರೆ. ಕೊನೆಯ ನಿಲ್ದಾಣದಲ್ಲಿ ಇಳಿದು ಟ್ವೀಡ್ ನದಿಯ ದಂಡೆಯಲ್ಲಿ ಮುಕ್ಕಾಲು ಗಂಟೆ ನಡೆದೆವು. ಎದುರಿಗೆ ಐಲ್ಡನ್ ಬೆಟ್ಟದ ಮೂರು ಶಿಖರಗಳು. ಮಂಜಿನಂಥ ಮಳೆ ಬರುತ್ತಿತ್ತು, ನಿಲ್ಲುತ್ತಿತ್ತು. ಊರಿನ ಹೆಂಚಿನ ಮಾಡುಗಳ ಹಿಂದೆ ಥಟ್ಟನೆ ಮಠ ಎದ್ದು ನಿಂತಿತು.

ಕಲ್ಲು ಗುಲಾಬಿ ಬಣ್ಣದ್ದು. ಎಲ್ಲ ಕಡೆ ಒಂದೇ ಗುಲಾಬಿಯಲ್ಲ. ಒಂದು ಕಡೆ ಇಟ್ಟಿಗೆಯ ಕೆಂಪು, ಒಂದು ಕಡೆ ಮಣ್ಣಿನ ಕಂದು, ಮಳೆ ಬಿದ್ದಲ್ಲಿ ನೇರಳೆ. ಸೂರು ಬಹುಪಾಲು ಹೋಗಿದೆ. ಪೂರ್ವದ ದೊಡ್ಡ ಕಿಟಕಿಯಲ್ಲಿ ಗಾಜಿಲ್ಲ, ಆದರೆ ಕಲ್ಲಿನ ಸಪೂರ ಕಂಬಿಗಳು ಹಾಗೇ ಇವೆ. ಅವುಗಳ ಆಚೆ ಮೋಡ ಓಡುತ್ತಿತ್ತು.

ಈ ಮಠವನ್ನು ಡೇವಿಡ್ 1136ರಲ್ಲಿ ನೆಲೆಗೊಳಿಸಿದ. ಯಾರ್ಕ್‌ಶೈರಿನ ರೀವೋ ಮಠದಿಂದ ಸಿಸ್ಟರ್ಸಿಯನ್ ಪಂಥದ ಸನ್ಯಾಸಿಗಳು ಬಂದರು. ಸ್ಕಾಟ್ಲೆಂಡಿನಲ್ಲಿ ಆ ಪಂಥದ ಮೊದಲ ಮನೆ ಇದು. ಬಣ್ಣ ಹಾಕದ ಉಣ್ಣೆಯ ನಿಲುವಂಗಿ ತೊಡುತ್ತಿದ್ದುದರಿಂದ ಜನ ಅವರನ್ನು ಬಿಳಿಯ ಸನ್ಯಾಸಿಗಳು ಎನ್ನುತ್ತಿದ್ದರು. ಅವರ ಕಟ್ಟಳೆ ಕಠಿಣ. ನಡುರಾತ್ರಿ ದಾಟುತ್ತಿದ್ದಂತೆ ಎದ್ದು ಪ್ರಾರ್ಥನೆ, ಮಾತು ಕಡಿಮೆ, ಮೈಮುರಿದು ದುಡಿಮೆ, ಅಲಂಕಾರ ಕೂಡದು. ಆ ಮಾತನ್ನು ಓದಿಕೊಂಡು ಬಂದ ನನಗೆ ಎದುರಿಗಿದ್ದ ಕೆತ್ತನೆ ಕಂಡು ಬೆರಗಾಯಿತು. ಇದಕ್ಕೆ ಕಾರಣ ಯುದ್ಧ. ಮೆಲ್ರೋಸ್ ಇರುವುದು ಇಂಗ್ಲೆಂಡಿನ ಗಡಿಗೆ ಹತ್ತಿರ. ಸೈನ್ಯ ಯಾವ ಕಡೆಯಿಂದ ಬಂದರೂ ಹಾದಿಯಲ್ಲಿ ಸಿಗುವ ಊರು. 1322ರಲ್ಲಿ ಇಂಗ್ಲೆಂಡಿನ ಎರಡನೆಯ ಎಡ್ವರ್ಡನ ಸೈನ್ಯ ಹಿಮ್ಮೆಟ್ಟುವಾಗ ಮಠ ಲೂಟಿ ಮಾಡಿ ಸನ್ಯಾಸಿಗಳನ್ನು ಕೊಂದಿತು. ಬ್ರೂಸ್ ಮರುನಿರ್ಮಾಣಕ್ಕೆ 2,000 ಪೌಂಡ್ ಬರುವಂತೆ ಮಾಡಿದ. 1385ರಲ್ಲಿ ಎರಡನೆಯ ರಿಚರ್ಡ್ ಬಂದು ಸುಟ್ಟ. ಈಗ ನಾವು ನೋಡುವುದು ಬಹುಪಾಲು ಆ ಬೆಂಕಿಯ ನಂತರ ಎದ್ದದ್ದು. ಅಷ್ಟರಲ್ಲಿ ಕಟ್ಟಳೆಯ ಬಿಗಿ ಸಡಿಲವಾಗಿತ್ತು, ಶಿಲ್ಪಿಗಳಿಗೆ ಕೈ ಬಿಚ್ಚಿ ದುಡಿಯಲು ಅವಕಾಶ ಸಿಕ್ಕಿತು.

ದಕ್ಷಿಣದ ಕಡೆ ನಿಂತು ಕತ್ತು ಎತ್ತಿ ಹುಡುಕಿದೆವು. "ಅಗೋ ಅಲ್ಲಿ!" ಎಂದು ಅಕ್ಕನೇ ಮೊದಲು ಕಂಡಳು. ಮಾಡಿನಂಚಿನಲ್ಲಿ, ಮಳೆನೀರು ಬೀಳಿಸುವ ಜಾಗದಲ್ಲಿ, ಒಂದು ಹಂದಿ ಕುಳಿತು ಚೀಲವಾದ್ಯ ನುಡಿಸುತ್ತಿದೆ. ಕಿವಿ ಜೋತುಬಿದ್ದಿದೆ, ಎದೆಗೆ ಗಾಳಿಚೀಲ ಒತ್ತಿಕೊಂಡಿದೆ. ಮುಖದ ಅಂಚುಗಳನ್ನು ಆರುನೂರು ವರ್ಷಗಳ ಮಳೆ ನೆಕ್ಕಿದೆ. ಆದರೂ ಬೆರಳಿನಂತೆ ಮಡಿಸಿದ ಗೊರಸು ಕಾಣುತ್ತದೆ. ಗೋಡೆಯ ಉದ್ದಕ್ಕೂ ಸೌಟು ಹಿಡಿದ ಅಡುಗೆಯವನು, ಹಲ್ಲು ಕಿರಿಯುವ ಭೂತಗಳು, ಮಗುವನ್ನು ಎತ್ತಿಕೊಂಡ ಮೇರಿ. ಕೆಳಗೆ ನಿಂತು ಪ್ರಾರ್ಥಿಸುವವರಿಗೆ ಇವುಗಳಲ್ಲಿ ಅರ್ಧವೂ ಕಾಣುತ್ತಿರಲಿಲ್ಲ. ಯಾರೂ ನೋಡದ ಎತ್ತರದಲ್ಲಿ ಇಷ್ಟು ಪ್ರೀತಿಯಿಂದ ಉಳಿಯಾಡಿಸಿದವನ ಮೇಲೆ ನನಗೆ ಯಾವ ರಾಜನ ಮೇಲಿಗಿಂತಲೂ ಹೆಚ್ಚು ಗೌರವ.

ಅವರಲ್ಲೊಬ್ಬನ ಹೆಸರು ಗೋಡೆಯಲ್ಲೇ ಇದೆ. ಜಾನ್ ಮೊರೋ, ಹುಟ್ಟಿದ್ದು ಪ್ಯಾರಿಸ್ಸಿನಲ್ಲಿ. ತಾನು ಎಲ್ಲೆಲ್ಲಿನ ಕಲ್ಲುಗೆಲಸದ ಉಸ್ತುವಾರಿ ನೋಡಿಕೊಂಡೆ ಎಂದು ಊರುಗಳನ್ನು ಹೇಳಿ, ಈ ಪವಿತ್ರ ಚರ್ಚನ್ನು ಕೇಡಿನಿಂದ ಕಾಪಾಡಿ ಎಂದು ದೇವರನ್ನೂ ಮೇರಿಯನ್ನೂ ಸಂತ ಜಾನನನ್ನೂ ಬೇಡಿಕೊಂಡಿದ್ದಾನೆ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜನ ಹೆಸರನ್ನು ಮಕ್ಕಳಿಗೆ ತೋರಿಸಿ ಪಾಠ ಹೇಳಿದವನು ನಾನು. ಮೊರೋನ ಸಾಲುಗಳ ಮುಂದೆ ನನಗೆ ಹೊರನಾಡು ಎಂಬ ಭಾವನೆಯೇ ಹೋಯಿತು. ಅವನ ಬೇಡಿಕೆ ಮಾತ್ರ ಫಲಿಸಲಿಲ್ಲ. 1544ರಲ್ಲೂ 1545ರಲ್ಲೂ ಎಂಟನೆಯ ಹೆನ್ರಿಯ ಸೈನ್ಯ ಬಂದು ಹಾಳುಗೆಡವಿತು. 1560ರಲ್ಲಿ ನಾಡು ಪೋಪನನ್ನು ಬಿಟ್ಟು ಪ್ರೊಟೆಸ್ಟಂಟ್ ಆದ ಮತಸುಧಾರಣೆಯ ನಂತರ ಹೊಸ ಸನ್ಯಾಸಿಗಳು ಸೇರಲಿಲ್ಲ, ಇದ್ದವರು ಒಬ್ಬೊಬ್ಬರಾಗಿ ತೀರಿಕೊಂಡರು. ಊರಿನವರಿಗೆ ಮಠವೆಂದರೆ ಕಡಿದಿಟ್ಟ ಕಲ್ಲಿನ ಗಣಿ. ನಡುವಣ ಭಾಗಕ್ಕೆ ಒರಟು ಕಮಾನು ಹೊದಿಸಿ ಊರ ಚರ್ಚು ಮಾಡಿಕೊಂಡರು, 1810ರವರೆಗೂ ಅಲ್ಲೇ ಪೂಜೆ ನಡೆಯಿತು. ಆ ಒರಟು ಕಮಾನು ಈಗಲೂ ಇದೆ. ನಾಜೂಕು ಕಂಬಗಳ ಮೇಲೆ ಅದು ಹೇರಿದ ಮೂಟೆಯಂತೆ ಕೂತಿದೆ. ನನ್ನ ಕಣ್ಣಿಗೆ ಹಿಡಿಸಲಿಲ್ಲ.

ಈಗ ಹೃದಯದ ವಿಷಯ.

ಬ್ರೂಸ್ ಪಟ್ಟಕ್ಕೇರಿದ್ದು ರಕ್ತದ ಕೈಯಲ್ಲಿ. 1306ರ ಫೆಬ್ರವರಿಯಲ್ಲಿ ಡಂಫ್ರೀಸಿನ ಚರ್ಚೊಂದರಲ್ಲಿ, ತನ್ನ ಎದುರಾಳಿ ಜಾನ್ ಕಾಮಿನ್ ಎಂಬವನನ್ನು ಇರಿದ. ದೇವರ ಮುಂದೆ ಕೊಲೆ. ಪೋಪ್ ಬಹಿಷ್ಕಾರ ಹಾಕಿದ. ಆರೇ ವಾರದಲ್ಲಿ ಸ್ಕೋನ್‌ನಲ್ಲಿ ಪಟ್ಟಾಭಿಷೇಕ, ಆಮೇಲೆ ಸೋಲು, ತಲೆಮರೆಸಿಕೊಂಡ ಚಳಿಗಾಲ, ಎಂಟು ವರ್ಷಗಳ ನಂತರ ಇಂಗ್ಲಿಷರ ಮೇಲೆ ಬ್ಯಾನಕ್‌ಬರ್ನ್‌ನ ಗೆಲುವು. ಪಾಪ ತೊಳೆಯಲು ಜೆರುಸಲೇಮಿನ ಪುಣ್ಯಭೂಮಿಗೆ ಹೋಗಬೇಕೆಂದಿದ್ದ, ರಾಜ್ಯ ಬಿಡಲಿಲ್ಲ, ಕೊನೆಗೆ ಕಾಯಿಲೆ ಬಿಡಲಿಲ್ಲ. 1329ರ ಜೂನ್ 7ರಂದು ಕಾರ್ಡ್ರೋಸ್‌ನಲ್ಲಿ ತೀರಿಕೊಳ್ಳುವ ಮುನ್ನ, ತನ್ನ ಹೃದಯವನ್ನಾದರೂ ದೇವರ ಶತ್ರುಗಳ ಎದುರು ಕೊಂಡೊಯ್ಯಿರಿ ಎಂದು ಹೇಳಿಹೋದ. ಆ ಕೆಲಸ ಬಿದ್ದದ್ದು ಅವನ ಹಳೆಯ ಒಡನಾಡಿ ಸರ್ ಜೇಮ್ಸ್ ಡಗ್ಲಾಸನ ಮೇಲೆ. ಡಗ್ಲಾಸ್ ಹೃದಯವಿದ್ದ ಪೆಟ್ಟಿಗೆಯನ್ನು ಕೊರಳಿಗೆ ಕಟ್ಟಿಕೊಂಡು ಸ್ಪೇನಿಗೆ ಹೋಗಿ, ಕ್ಯಾಸ್ಟೀಲಿನ ರಾಜನ ಪರವಾಗಿ ಗ್ರನಾಡದ ಮುಸ್ಲಿಮ್ ಸೈನ್ಯದ ಮೇಲೆ ಕಾದಿದ. 1330ರ ಆಗಸ್ಟ್ 25ರಂದು ಟೇಬಾ ಎಂಬಲ್ಲಿ ಸತ್ತ. ಬಿದ್ದ ಡಗ್ಲಾಸನ ಎಲುಬುಗಳೂ ರಾಜನ ಹೃದಯವೂ ಒಟ್ಟಿಗೆ ಸ್ಕಾಟ್ಲೆಂಡಿಗೆ ಮರಳಿದವು. ಎಲುಬು ಡಗ್ಲಾಸನ ಊರಿಗೆ ಹೋಯಿತು. ಹೃದಯ, ಬ್ರೂಸ್ ಮೊದಲೇ ಬಯಸಿದ್ದಂತೆ, ಮೆಲ್ರೋಸಿಗೆ ಬಂತು.

ಮೈಯನ್ನು ಸೀಳಿ ಬೇರೆಬೇರೆ ಕಡೆ ಹೂಳಕೂಡದೆಂದು 1299ರಲ್ಲೇ ಪೋಪ್ ಎಂಟನೆಯ ಬೋನಿಫೇಸ್ ಆಜ್ಞೆ ಹೊರಡಿಸಿದ್ದ. ಹಾಗಾಗಿ ಹೃದಯ ತೆಗೆದವರೂ ಹೊತ್ತವರೂ ತಪ್ಪಿತಸ್ಥರು. 1331ರಲ್ಲಿ ಪೋಪ್ ಇಪ್ಪತ್ತೆರಡನೆಯ ಜಾನ್ ಅವರನ್ನೆಲ್ಲ ಕ್ಷಮಿಸಿದ ಮೇಲೆಯೇ ಆ ಲೆಕ್ಕ ಚುಕ್ತಾ ಆದದ್ದು.

1921ರಲ್ಲಿ ಸನ್ಯಾಸಿಗಳ ಸಭಾಕೋಣೆಯ ನೆಲ ಅಗೆದಾಗ ಸೀಸದ ಪೆಟ್ಟಿಗೆಯೊಂದು ಸಿಕ್ಕಿತು. ನೋಡಿ, ಇನ್ನೊಂದು ಸೀಸದ ಡಬ್ಬಿಯೊಳಗಿಟ್ಟು ಮತ್ತೆ ಹೂಳಿದರು. 1996ರಲ್ಲಿ ಅದನ್ನು ಮತ್ತೆ ಹೊರತೆಗೆದು, ಹೊರಡಬ್ಬಿಗೆ ಸಣ್ಣ ತೂತು ಕೊರೆದು, ಒಳಗೆ ಕೂದಲಿನಷ್ಟು ಸಪೂರ ಗಾಜಿನ ತಂತಿ ಇಳಿಸಿ ಇಣುಕಿದರು. ಒಳಗೆ ತುದಿ ಕಿರಿದಾಗುತ್ತ ಹೋಗುವ, ಗೇಣುದ್ದಕ್ಕಿಂತ ತುಸು ಹೆಚ್ಚು ಎತ್ತರದ ಸೀಸದ ಪೆಟ್ಟಿಗೆ. ಜೊತೆಗೆ ತಾಮ್ರದ ತಗಡು. ಹೃದಯವಿರುವ ಈ ಪೆಟ್ಟಿಗೆ 1921ರ ಮಾರ್ಚಿನಲ್ಲಿ ಸಭಾಕೋಣೆಯ ನೆಲದಡಿ ಸಿಕ್ಕಿತು ಎಂದು ಅದರ ಮೇಲೆ ಕೊರೆದಿತ್ತು. ಒಳಗಿನ ಪೆಟ್ಟಿಗೆಯನ್ನು ಅವರು ತೆರೆಯಲಿಲ್ಲ. ಅದು ಬ್ರೂಸನದೇ ಎಂದು ಸಾಧಿಸಿ ತೋರಿಸಲಾಗದು; ಇಲ್ಲಿ ಇನ್ನಾರದೋ ಹೃದಯ ಹೂಳಿದ ದಾಖಲೆಯಂತೂ ಇಲ್ಲ. ತೆರೆಯದೆ ಬಿಟ್ಟವರಿಗೆ ನಾನು ಮನಸ್ಸಿನಲ್ಲೇ ಕೈ ಮುಗಿದೆ. 1998ರ ಜೂನ್‌ನಲ್ಲಿ ಮತ್ತೆ ಮಣ್ಣಿಗೆ ಕೊಟ್ಟು ಮೇಲೊಂದು ಗುರುತಿನ ಕಲ್ಲು ಇಟ್ಟರು.

ಅದನ್ನು ನೋಡಲು ನೆಲದತ್ತ ಬಗ್ಗಬೇಕು. ಹುಲ್ಲಿನ ಮಟ್ಟಕ್ಕೇ ಕೂರಿಸಿದ ಕಲ್ಲು. ಅದರ ಮೇಲೆ ಹೃದಯ, ಹೃದಯಕ್ಕೆ ಹೆಣೆದುಕೊಂಡ ಓರೆ ಶಿಲುಬೆ, ಸುತ್ತ ಹದಿನಾಲ್ಕನೆಯ ಶತಮಾನದ ಕವಿ ಬಾರ್ಬರನ ಮಾತು: ಸ್ವಾತಂತ್ರ್ಯವಿಲ್ಲದಿದ್ದರೆ ಉದಾತ್ತ ಹೃದಯಕ್ಕೆ ನೆಮ್ಮದಿಯಿಲ್ಲ ಎಂಬರ್ಥದ್ದು. ಕೆತ್ತನೆಯ ತೋಡಿನಲ್ಲಿ ಮಳೆನೀರು ನಿಂತಿತ್ತು. ಅಕ್ಕ ಕರವಸ್ತ್ರ ತೆಗೆದು ಒರೆಸಿದಳು. ಅಕ್ಷರಗಳು ಕಾಣುವಷ್ಟರಲ್ಲಿ ಮತ್ತೆ ಹನಿ ಬಿತ್ತು. ಇಬ್ಬರೂ ಏನೂ ಮಾತಾಡದೆ ಕೊಡೆ ಹಿಡಿದು ನಿಂತೆವು.

ಹತ್ತಿರದಲ್ಲೇ, ಬಲಿಪೀಠವಿದ್ದ ಕಡೆ, 1249ರಲ್ಲಿ ತೀರಿಕೊಂಡ ಎರಡನೆಯ ಅಲೆಕ್ಸಾಂಡರ್ ರಾಜನನ್ನೂ ಹೂಳಿದ್ದಾರೆ. ಅವನ ಇಡೀ ಮೈ ಇಲ್ಲಿದೆ. ಆದರೂ ಬಂದವರೆಲ್ಲ ಹುಡುಕುವುದು ಹುಲ್ಲಿನ ಮೇಲಿನ ಆ ಕಲ್ಲನ್ನೇ.

ಮೂರನೆಯ ದಿನ: ಡ್ರೈಬರಾ, ಕೆಲ್ಸೋ, ಜೆಡ್‌ಬರಾ

ಶನಿವಾರ. ಭಾವ ಬೆಳಿಗ್ಗೆ ಏಳಕ್ಕೇ ಕಾರು ತೆಗೆದರು. ಡ್ರೈಬರಾ ಮಠ ಟ್ವೀಡ್ ನದಿಯ ತಿರುವಿನಲ್ಲಿ ಮರಗಳ ನಡುವೆ ಅಡಗಿದೆ. 1150ರಲ್ಲಿ ಇದನ್ನು ಸ್ಥಾಪಿಸಿದವನು ರಾಜನಲ್ಲ, ರಾಜನ ದಂಡನಾಯಕ ಹ್ಯೂ ಡಿ ಮೊರ್ವಿಲ್. ಇದೂ 1322ರಲ್ಲಿ, 1385ರಲ್ಲಿ, 1544ರಲ್ಲಿ ಬೆಂಕಿಗೆ ಬಿತ್ತು. ಮೆಲ್ರೋಸಿನ ಪಂಚಾಂಗವೇ ಇದರದ್ದೂ. ಸಭಾಕೋಣೆಯ ಗಾರೆಯ ಮೇಲೆ ಹಳೆಯ ಬಣ್ಣದ ಚಿತ್ತಾರದ ಗುರುತು ಇನ್ನೂ ಇದೆ. ಈ ಗಡಿಭಾಗದ ನಾಲ್ಕು ಮಠಗಳಲ್ಲಿ ಅತಿ ಸುಂದರ ಜಾಗ ಇದೇ ಎಂದು ಭಾವ ಹೇಳಿದರು. ಜಾಗದ ಮಟ್ಟಿಗೆ ನಾನೂ ಒಪ್ಪುತ್ತೇನೆ.

ಇಲ್ಲಿ ಮುರಿದ ಕಮಾನುಗಳ ಕೆಳಗೆ ಕಾದಂಬರಿಕಾರ ಸರ್ ವಾಲ್ಟರ್ ಸ್ಕಾಟ್ ಮಲಗಿದ್ದಾನೆ, 1832ರಿಂದ. ಮೆಲ್ರೋಸಿನ ಪಾಳುಗೋಡೆಗಳನ್ನು ಬೀಳದಂತೆ ದುರಸ್ತಿ ಮಾಡಿಸುವಾಗ 1822ರಲ್ಲಿ ಮುಂದೆ ನಿಂತವನು ಅವನು. ನಮ್ಮ ಮೇಷ್ಟ್ರು ಹೇಳಿದ ಜೇಡದ ಕಥೆಯ ಮೂಲವೂ ಅವನೇ. ಬ್ರೂಸನ ಕಾಲದ ಯಾವ ಬರಹದಲ್ಲೂ ಜೇಡವಿಲ್ಲ. ಸ್ಕಾಟ್ ತನ್ನ ಮೊಮ್ಮಗನಿಗಾಗಿ ನಾಡಿನ ಇತಿಹಾಸ ಬರೆದಾಗ ಅದನ್ನು ಬ್ರೂಸನ ಗುಹೆಗೆ ತಂದು ಬಿಟ್ಟ. ಅಲ್ಲಿಂದ ಅದು ಇಂಗ್ಲಿಷ್ ಪಾಠಪುಸ್ತಕಗಳ ದಾರಿ ಹಿಡಿದು ನಮ್ಮ ಶಾಲೆಯ ಗೋಡೆಯವರೆಗೂ ನೇಯ್ದುಕೊಂಡು ಬಂತು. ಅದಕ್ಕೂ ಮೊದಲು, ಹದಿನೇಳನೆಯ ಶತಮಾನದಲ್ಲಿ, ಇಂಥದ್ದೇ ಜೇಡದ ಕಥೆಯನ್ನು ಹೇಳುತ್ತಿದ್ದದ್ದು ಬ್ರೂಸನ ಮೇಲಲ್ಲ, ಜೇಮ್ಸ್ ಡಗ್ಲಾಸನ ಮೇಲೆ! ರಾಜನ ಹೃದಯ ಹೊತ್ತವನಿಂದ ಅವನ ಜೇಡವನ್ನೂ ರಾಜನಿಗೇ ಕೊಟ್ಟುಬಿಟ್ಟರು. ನನಗೆ ಡಗ್ಲಾಸನ ಬಗ್ಗೆ ನಿಜಕ್ಕೂ ಮರುಕವಾಯಿತು.

ಸ್ಕಾಟ್‌ನಿಗೂ ನಮ್ಮ ನಾಡಿಗೂ ಇನ್ನೊಂದು ಎಳೆಯಿದೆ. 1827ರಲ್ಲಿ ಅವನು ಬರೆದ ಕಿರುಕಾದಂಬರಿಯೊಂದರಲ್ಲಿ ಹೈದರ್ ಅಲಿ ಮತ್ತು ಟಿಪ್ಪು ಪಾತ್ರಗಳಾಗಿ ಬರುತ್ತಾರೆ. ಭಾರತಕ್ಕೆ ಅವನು ಕಾಲಿಟ್ಟವನಲ್ಲ. ಗೋರಿಯ ಪಕ್ಕ ನಿಂತು ಇದನ್ನು ಹೇಳಿದಾಗ ಮೈಸೂರಿನಲ್ಲಿ ಹುಟ್ಟಿ ಬೆಳೆದ ಭಾವ, "ಹಾಗಾದರೆ ಇವನು ನಮ್ಮವನೂ ಹೌದು" ಎಂದು ಗೋರಿಯ ಕಲ್ಲನ್ನು ಮೆಲ್ಲಗೆ ಮುಟ್ಟಿದರು.

ಕೆಲ್ಸೋದಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಒಂದು ಕಾಲಕ್ಕೆ ಬಹು ದೊಡ್ಡ ಮಠ. ಈಗ ಪಶ್ಚಿಮದ ಗೋಪುರದ ಒಂದು ಹೋಳು ಪೇಟೆಯ ಮಧ್ಯದಲ್ಲಿ ನಿಂತಿದೆ. 1460ರ ಆಗಸ್ಟ್ 3ರಂದು ಇಲ್ಲೇ ಹತ್ತಿರದ ರಾಕ್ಸ್‌ಬರಾ ಕೋಟೆಯ ಮುತ್ತಿಗೆಯಲ್ಲಿ, ಮೊದಲ ದಿನ ಹೋಲಿರೂಡಿನಲ್ಲಿ ಕಂಡ ಎರಡನೆಯ ಜೇಮ್ಸ್, ತನ್ನದೇ ಫಿರಂಗಿ ಒಡೆದು ಸತ್ತ. ಒಂದೇ ವಾರದಲ್ಲಿ ಎಳೆಯ ಮಗನಿಗೆ ಈ ಮಠದಲ್ಲಿ ಪಟ್ಟ ಕಟ್ಟಿದರು. ಹೆಣ ಹೋಲಿರೂಡಿಗೆ ಹೋಯಿತು, ಕಿರೀಟ ಇಲ್ಲಿ ಉಳಿಯಿತು.

ಜೆಡ್‌ಬರಾ ಬೇರೆಯೇ ಬಗೆ. ಜೆಡ್ ಹೊಳೆಯ ಮೇಲಿನ ಇಳಿಜಾರಿನಲ್ಲಿ ಗೋಡೆಗಳು ಹೆಚ್ಚುಕಡಿಮೆ ಪೂರ್ತಿ ಎತ್ತರಕ್ಕೆ ನಿಂತಿವೆ. ದೂರದಿಂದ ನೋಡಿದರೆ ಇವತ್ತೂ ಪೂಜೆಯಿದೆ ಎನ್ನಿಸುತ್ತದೆ. ಒಳಗೆ ಹೋಗಿ ತಲೆ ಎತ್ತಿದರೆ ಆಕಾಶ. 1138ರ ಸುಮಾರಿಗೆ ಡೇವಿಡ್ ಸ್ಥಾಪಿಸಿದ ಈ ಮಠದ ಮ್ಯೂಸಿಯಮ್ಮಿನಲ್ಲಿ ವಾಲ್ರಸ್ ದಂತದ ಪುಟ್ಟ ಬಾಚಣಿಗೆಯೊಂದಿದೆ. ಅಂಗೈಯಲ್ಲಿ ಮುಚ್ಚಿಡಬಹುದಾದ ಅದರ ಮೇಲೆ ಮನುಷ್ಯನೊಬ್ಬ ರೆಕ್ಕೆಯ ಹಾವಿನೊಂದಿಗೆ ಸೆಣಸುತ್ತಿದ್ದಾನೆ. ಅಕ್ಕ ಅದರ ಮುಂದೆ ಕಾಲು ಗಂಟೆ ನಿಂತಳು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಮದುವೆ. ಮೂರನೆಯ ಅಲೆಕ್ಸಾಂಡರನ ಮೊದಲ ಹೆಂಡತಿ ಹೋಗಿದ್ದಳು, ಮೂವರು ಮಕ್ಕಳೂ ಒಬ್ಬರ ಹಿಂದೊಬ್ಬರು ಹೋಗಿದ್ದರು. ವಾರಸುದಾರ ಬೇಕೆಂದು 1285ರಲ್ಲಿ ಇಲ್ಲಿ ಫ್ರಾನ್ಸಿನ ಯೋಲಾಂಡೆಯನ್ನು ಮದುವೆಯಾದ. ಔತಣದ ಕುಣಿತದ ನಡುವೆ ಮಾಂಸವಿಲ್ಲದ ಆಕೃತಿಯೊಂದು ಹೆಜ್ಜೆ ಹಾಕುತ್ತ ಬಂದಿತೆಂದು ದಂತಕಥೆ. ಮರುವರ್ಷದ ಮಾರ್ಚಿನ ಬಿರುಗಾಳಿಯ ರಾತ್ರಿ, ಹೆಂಡತಿಯನ್ನು ಸೇರಲು ಕುದುರೆ ಏರಿ ಹೊರಟ ರಾಜ ಕಿಂಗ್‌ಹಾರ್ನ್ ಬಳಿ ಬಿದ್ದು ಸತ್ತ. ಉಳಿದವಳು ನಾರ್ವೆಯಲ್ಲಿದ್ದ ಪುಟ್ಟ ಮೊಮ್ಮಗಳು. ಅವಳೂ 1290ರಲ್ಲಿ ಸ್ಕಾಟ್ಲೆಂಡಿಗೆ ಬರುವ ದಾರಿಯಲ್ಲೇ ತೀರಿಕೊಂಡಳು. ಸಿಂಹಾಸನಕ್ಕೆ ಹತ್ತಾರು ಮಂದಿ ಹಕ್ಕು ಹೂಡಿದರು, ತೀರ್ಪುಗಾರನಾಗಿ ಬಂದ ಇಂಗ್ಲೆಂಡಿನ ಒಂದನೆಯ ಎಡ್ವರ್ಡ್ ಒಡೆಯನಾಗಲು ನೋಡಿದ. ಬ್ರೂಸ್, ಡಗ್ಲಾಸ್, ಸುಟ್ಟ ಮಠಗಳು, ಸೀಸದ ಪೆಟ್ಟಿಗೆ, ಎಲ್ಲದರ ತುದಿ ಈ ಸೂರಿಲ್ಲದ ಕಟ್ಟಡದ ಮದುವೆಗೆ ಬಂದು ಮುಟ್ಟುತ್ತದೆ. ತಂಗಾಳಿಗೆ ಬರಿಗೋಡೆಗಳ ನಡುವೆ ಕಾಗೆಗಳು ಕೂಗುತ್ತಿದ್ದವು. "ಮೊಸರನ್ನ ತಿನ್ನೋಣ ಬಾ, ಹೊಟ್ಟೆ ಹಸಿದಾಗ ಇತಿಹಾಸ ಇನ್ನೂ ದುಃಖದ್ದಾಗಿ ಕಾಣುತ್ತದೆ" ಎಂದು ಅಕ್ಕ ಕರೆದಳು.

ನಾಲ್ಕನೆಯ ದಿನ: ಡನ್‌ಫರ್ಮ್ಲಿನ್

ಭಾನುವಾರ ರೈಲು ಕಡಿಮೆ. ಮಧ್ಯಾಹ್ನಕ್ಕೆ ತಲುಪುವಂತೆ ಹೊರಟೆವು. ದಾರಿಯಲ್ಲಿ ಕಡಲತೋಳಿನ ಮೇಲೆ 1890ರ ಕೆಂಪು ಉಕ್ಕಿನ ಫೋರ್ತ್ ಸೇತುವೆ. ಸೇತುವೆಯ ಎರಡೂ ಬದಿಯ ಊರುಗಳ ಹೆಸರು ಕ್ವೀನ್ಸ್‌ಫೆರಿ, ರಾಣಿಯ ದೋಣಿ. ಆ ರಾಣಿ ಮಾರ್ಗರೆಟ್. ಇಂಗ್ಲೆಂಡಿನ ಹಳೆಯ ರಾಜಮನೆತನದವಳು. 1066ರ ನಾರ್ಮನ್ ದಾಳಿಯ ನಂತರ ಓಡಿಬಂದು, ಸುಮಾರು 1070ರಲ್ಲಿ ಡನ್‌ಫರ್ಮ್ಲಿನ್‌ನಲ್ಲಿ ಮೂರನೆಯ ಮಾಲ್ಕಮ್‌ನನ್ನು ಮದುವೆಯಾದಳು. ಯಾತ್ರಿಕರು ದಾಟಲೆಂದು ದೋಣಿ ಇಡಿಸಿದಳು. ಮದುವೆಯಾದ ಊರಿನಲ್ಲಿ ಕ್ಯಾಂಟರ್‌ಬರಿಯ ಸನ್ಯಾಸಿಗಳಿಗೆ ನೆಲೆ ಮಾಡಿಕೊಟ್ಟಳು. ಅವಳ ಮಕ್ಕಳಲ್ಲಿ ಮೂವರು ರಾಜರಾದರು. ಕಿರಿಯವನೇ ನಮ್ಮ ಡೇವಿಡ್. ತಾಯಿ ನೆಟ್ಟದ್ದನ್ನು ಅವನು 1128ರಲ್ಲಿ ದೊಡ್ಡ ಮಠವಾಗಿಸಿದ. ಇಲ್ಲಿಯ ಮಟ್ಟಿಗೆ ಅಬ್ಬೆ ಎಂಬ ಪದ ನನ್ನ ಕಿವಿಗೆ ಕೇಳಿಸಿದಂತೆಯೇ ಸರಿ.

ಮಾರ್ಗರೆಟಳ ಮಗ್ಗುಲಲ್ಲೇ ಮಲಗಬೇಕೆಂಬುದು ಹಲವು ರಾಜರ ಬಯಕೆ; 1250ರಲ್ಲಿ ಅವಳನ್ನು ಸಂತಳೆಂದೂ ಸಾರಿದರು. ಮಾಲ್ಕಮ್, ಡೇವಿಡ್, ಕುದುರೆಯಿಂದ ಬಿದ್ದ ಮೂರನೆಯ ಅಲೆಕ್ಸಾಂಡರ್, ಎಲ್ಲರ ನೆಲೆ ಇಲ್ಲಿ. ಒಂದನೆಯ ಎಡ್ವರ್ಡ್ 1303ರ ಚಳಿಗಾಲವನ್ನು ಈ ಮಠದಲ್ಲಿ ಕಳೆದು, ಹೊರಡುವಾಗ ಮಠದ ಕಟ್ಟಡಗಳಿಗೆ ಬೆಂಕಿ ಇಡಿಸಿದ. ಉಂಡ ಮನೆಗೆ ಎರಡು ಬಗೆಯುವುದು ಎಂದರೆ ಇದೇ.

ಉಳಿದಿರುವುದು ಹನ್ನೆರಡನೆಯ ಶತಮಾನದ ಚರ್ಚಿನ ಪಶ್ಚಿಮದ ಹಜಾರ, ಸೂರು ಸಮೇತ. ಮಾಡಿನ ಕೆಳಗೆ ದಪ್ಪ ದಪ್ಪ ಕಲ್ಲುಕಂಬಗಳು, ನಾನು ಅಪ್ಪಿದರೆ ಅರ್ಧವೂ ಸಿಗದಷ್ಟು. ಕೆಲವಕ್ಕೆ ಗರಗಸದ ಹಲ್ಲಿನಂಥ ಗೆರೆ, ಕೆಲವಕ್ಕೆ ಹಗ್ಗ ಸುತ್ತಿದಂಥ ಗೆರೆ; ಡರ್‌ಹ್ಯಾಮ್ ಕೆಥೆಡ್ರಲ್ಲಿನ ಕಂಬಗಳಲ್ಲೂ ಇದೇ ಕೈಚಳಕವಿದೆ. ಗೆರೆಯ ತೋಡಿನಲ್ಲಿ ಬೆರಳಿಟ್ಟು ಕಂಬದ ಸುತ್ತ ನಡೆದೆ. ತೋಡು ನುಣ್ಣಗೆ, ತಣ್ಣಗೆ, ಎಲ್ಲೂ ಎಡವದೆ ಮೇಲೇರುತ್ತದೆ.

ಪೂರ್ವಭಾಗ ಮತಸುಧಾರಣೆಯ ಗಲಭೆಯಲ್ಲಿ ಹಾಳಾಗಿತ್ತು. 1818ರ ಫೆಬ್ರವರಿ 17ರಂದು, ಅಲ್ಲಿ ಹೊಸ ಚರ್ಚಿಗೆ ನೆಲ ಬಗೆಯುತ್ತಿದ್ದ ಕೆಲಸದವರ ಗುದ್ದಲಿಗೆ ಕಲ್ಲಿನ ಗುಂಡಿಯೊಂದು ತಾಗಿತು. ಒಳಗೆ ಸೀಸದಲ್ಲಿ ಸುತ್ತಿದ ಎತ್ತರದ ಗಂಡಸಿನ ಅಸ್ಥಿಪಂಜರ. ಮೇಲೆ ಜರಿಬಟ್ಟೆಯ ಚೂರುಗಳು. ಮರುವರ್ಷದ ನವೆಂಬರ್ 5ರಂದು ವಿದ್ವಾಂಸರು ಸೇರಿ ಪರೀಕ್ಷಿಸಿದರು. ಎದೆಯ ನಡುಮೂಳೆಯನ್ನು ಮೇಲಿನಿಂದ ಕೆಳಗಿನವರೆಗೆ ಗರಗಸದಲ್ಲಿ ಕೊಯ್ದಿತ್ತು. ಹೃದಯ ತೆಗೆಯಲು ಮಾಡಿದ ದಾರಿ ಅದು. ಬ್ರೂಸನೆಂಬುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಯಾರಿಗೂ ಬೇಕಾಗಲಿಲ್ಲ. ತಲೆಬುರುಡೆಯ ಅಚ್ಚು ತೆಗೆದುಕೊಂಡರು. ಊರಿನ ಜನ ಸಾಲುಗಟ್ಟಿ ಬಂದು ತಮ್ಮ ರಾಜನನ್ನು ನೋಡಿಹೋದರು. ಆಮೇಲೆ ಹೊಸ ಸೀಸದ ಪೆಟ್ಟಿಗೆಯಲ್ಲಿಟ್ಟು, ಕಾಯಿಸಿದ ರಾಳ ಸುರಿದು, ಅಲ್ಲೇ ಮುಚ್ಚಿದರು.

ಗೋರಿ ಈಗ ಪ್ರವಚನ ಪೀಠದ ಅಡಿಯಲ್ಲಿದೆ. ಮೇಲೆ 1889ರಲ್ಲಿ ಹಾಸಿದ ಹಿತ್ತಾಳೆಯ ಹಲಗೆ, ಅದರಲ್ಲಿ ಕವಚ ತೊಟ್ಟು ಕೈ ಮುಗಿದ ರಾಜನ ಚಿತ್ರ. ಮುಗಿದ ಆ ಕೈಗಳು ಇರುವುದು ಸರಿಯಾಗಿ ಎದೆಯ ಮೇಲೆ. ಅಕ್ಕ ಬಹಳ ಹೊತ್ತು ನೋಡಿ, "ಇವನ ಹೆಂಡತಿ ಎಲ್ಲಿದ್ದಾಳೋ?" ಎಂದು ಕೇಳಿದಳು. ಎಲಿಜಬೆತ್ ಡಿ ಬರ್ಗ್ ಇದೇ ಮಠದಲ್ಲಿದ್ದಾಳೆ, ಗಂಡನಿಗಿಂತ ಎರಡು ವರ್ಷ ಮೊದಲೇ, 1327ರಲ್ಲಿ ಬಂದವಳು. ಗಂಡ ಪಟ್ಟಕ್ಕೇರಿದ ವರ್ಷವೇ ಅವಳನ್ನು ಇಂಗ್ಲಿಷರು ಸೆರೆ ಹಿಡಿದಿದ್ದರು; ಎಂಟು ವರ್ಷ ಸೆರೆಯಲ್ಲಿದ್ದು, ಬ್ಯಾನಕ್‌ಬರ್ನ್ ಗೆದ್ದ ಮೇಲೆ ಬಿಡುಗಡೆಯಾದಳು. "ಹಾಗಾದರೆ ಒಂಟಿಯಲ್ಲ, ಬಿಡು" ಎಂದಳು ಅಕ್ಕ.

ಹೊರಗೆ ಬಂದಾಗ ಬಿಸಿಲು ಬಿದ್ದಿತ್ತು. ಹೊಸ ಚರ್ಚಿನ ಚೌಕ ಗೋಪುರದ ತುದಿಗೆ ಕಟಕಟೆಯ ಬದಲು ಕಲ್ಲಿನ ಅಕ್ಷರಗಳಿವೆ, ದೊಡ್ಡ ದೊಡ್ಡವು, ಆರಪಾರ ಆಕಾಶ ಕಾಣುವಂತೆ ಕೊರೆದವು. ಒಂದೊಂದು ಮುಖಕ್ಕೆ ಒಂದೊಂದೇ ಪದ. ಎಲ್ಲಿ ನಿಂತರೂ ಪೂರ್ತಿ ಹೆಸರು ಸಿಗದು. ಗೋರಿಕಲ್ಲುಗಳ ನಡುವಿನ ಹುಲ್ಲುಹಾದಿಯಲ್ಲಿ ಕತ್ತು ಎತ್ತಿಕೊಂಡೇ ಸುತ್ತು ಹೊರಟೆವು. ಅಕ್ಕ ಮುಂದೆ, ಒಂದನೆಯ ತರಗತಿಯ ಹುಡುಗಿಯಂತೆ ಗಟ್ಟಿಯಾಗಿ ಓದುತ್ತ: ಕಿಂಗ್. ರಾಬರ್ಟ್. ದ. ನಾಲ್ಕನೆಯ ಮೂಲೆ ತಿರುಗುವ ಮೊದಲು ನಿಂತು ಹಿಂದಿರುಗಿ ನೋಡಿದಳು. "ಕೊನೆಯದ್ದು ನೀನೇ ಓದು" ಎಂದಳು.